ಉಂಗುರದ ಗ್ರಹ ಶನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶನಿಯ ಬಗ್ಗೆ ಹುಡುಕುತ್ತ ಹೋದರೆ ಒಂದೇ ವಿಷಯಕ್ಕೆ ನಾಲ್ಕು ಕಡೆ ನಾಲ್ಕು ಅಂಕಿ ಸಿಗುತ್ತವೆ. ದಿನದ ಉದ್ದ, ಗುರುತ್ವ, ಉಪಗ್ರಹಗಳ ಸಂಖ್ಯೆ, ಉಂಗುರದ ವಯಸ್ಸು, ಯಾವುದೂ ಒಂದಕ್ಕೊಂದು ಹೊಂದುವುದಿಲ್ಲ. ಬಹುಪಾಲು ಸಲ ಅಂಕಿ ತಪ್ಪಾಗಿರುವುದಿಲ್ಲ. ಎಲ್ಲಿ, ಯಾವಾಗ, ಹೇಗೆ ಅಳೆದದ್ದು ಎಂಬುದು ಬಿಟ್ಟುಹೋಗಿರುತ್ತದೆ. ಇಲ್ಲಿ ಅದನ್ನೂ ಸೇರಿಸಿಯೇ ಉತ್ತರಿಸಿದೆ. ದೂರದರ್ಶಕದಲ್ಲಿ ನೋಡುವ ವಿಚಾರವಷ್ಟೇ ಬೇಕಿದ್ದವರು ನೇರವಾಗಿ ಕೊನೆಯ ಪ್ರಶ್ನೆಗಳಿಗೆ ಹೋಗಬಹುದು.

ಶನಿ ಎಷ್ಟು ದೊಡ್ಡದು, ಎಷ್ಟು ದೂರದಲ್ಲಿದೆ?

ಸೂರ್ಯನಿಂದ ಸರಾಸರಿ 143 ಕೋಟಿ ಕಿ.ಮೀ. ಕಕ್ಷೆ ಸ್ವಲ್ಪ ಅಂಡಾಕಾರವಾಗಿರುವುದರಿಂದ ಹತ್ತಿರ ಬಂದಾಗ 135 ಕೋಟಿ, ದೂರ ಹೋದಾಗ 151 ಕೋಟಿ. ಸೂರ್ಯನ ಬೆಳಕು ಅಲ್ಲಿಗೆ ಮುಟ್ಟಲು ಸುಮಾರು 79 ನಿಮಿಷ ಬೇಕು. ಒಂದು ಸುತ್ತಿಗೆ 29.46 ವರ್ಷ. ಅಲ್ಲಿ ಬೀಳುವ ಬಿಸಿಲು ನಮ್ಮಲ್ಲಿ ಬೀಳುವುದರ ಶೇ. 1ರ ಆಸುಪಾಸು. ಈ ಒಂದಂಶವನ್ನು ನೆನಪಿಟ್ಟುಕೊಳ್ಳಿ. ಶನಿಯನ್ನು ಸುತ್ತಿ ಅಧ್ಯಯನ ಮಾಡಿದ ಕ್ಯಾಸಿನಿ ನೌಕೆಗೆ ಸೌರಫಲಕದ ಬದಲು ಪ್ಲುಟೋನಿಯಂ ವಿದ್ಯುದಾಗಾರ ಹಾಕಿದ್ದೂ ಶನಿಯ ಫೋಟೋ ತೆಗೆಯುವುದು ಗುರುವಿನದ್ದಕ್ಕಿಂತ ಕಷ್ಟವಾಗುವುದೂ ಇದರಿಂದಲೇ.

ಗಾತ್ರದಲ್ಲಿ ಅದರೊಳಗೆ ಸುಮಾರು 760 ಭೂಮಿಗಳು ಹಿಡಿಸುತ್ತವೆ. ಆದರೆ ದ್ರವ್ಯರಾಶಿ 95 ಭೂಮಿಗಳಷ್ಟು ಮಾತ್ರ.

ಶನಿ ಅನಿಲದ ಗೋಳ, ನೆಲವೇ ಇಲ್ಲವಂತೆ. ಹಾಗಾದರೆ ವ್ಯಾಸವನ್ನು ಎಲ್ಲಿಂದ ಎಲ್ಲಿಗೆ ಅಳೆಯುತ್ತಾರೆ?

ವಾತಾವರಣದ ಒತ್ತಡ 1 ಬಾರ್ ಇರುವ ಮಟ್ಟವನ್ನು, ಅಂದರೆ ಹೆಚ್ಚುಕಡಿಮೆ ನಮ್ಮ ಸಮುದ್ರಮಟ್ಟದ ಒತ್ತಡಕ್ಕೆ ಸಮನಾದ ಜಾಗವನ್ನು, 'ಮೇಲ್ಮೈ' ಎಂದು ಒಪ್ಪಿಕೊಂಡಿದ್ದಾರೆ. ಆ ಲೆಕ್ಕದಲ್ಲಿ ಸಮಭಾಜಕದ ತ್ರಿಜ್ಯ 60,268 ಕಿ.ಮೀ., ಧ್ರುವದ ಕಡೆ 54,364 ಕಿ.ಮೀ. ವ್ಯತ್ಯಾಸ ಹತ್ತಿರಹತ್ತಿರ ಶೇ. 10. ಸಣ್ಣ ದೂರದರ್ಶಕದಲ್ಲೂ ಗ್ರಹ ಚಪ್ಪಟೆಯಾಗಿ ಕಾಣುತ್ತದೆ. ಮಸೂರದ ದೋಷವೆಂದು ಅಂಗಡಿಗೆ ವಾಪಸ್ ಕೊಡಬೇಡಿ. ಅಷ್ಟು ದೊಡ್ಡ, ಅಷ್ಟು ಹಗುರವಾದ ಗೋಳ ಹತ್ತೂವರೆ ಗಂಟೆಗೊಮ್ಮೆ ತಿರುಗಿದರೆ ಸೊಂಟ ಉಬ್ಬಲೇಬೇಕು.

ಆ 1 ಬಾರ್ ಮಟ್ಟದಲ್ಲಿ ಉಷ್ಣತೆ ಸುಮಾರು ಮೈನಸ್ 139 ಡಿಗ್ರಿ ಸೆಲ್ಸಿಯಸ್. ನಮಗೆ ಕಾಣುವ ತಿಳಿ ಹಳದಿ ಮೋಡಗಳು ಅಮೋನಿಯಾದ ಹರಳುಗಳು. ಕೆಳಗೆ ಅಮೋನಿಯಂ ಹೈಡ್ರೋಸಲ್ಫೈಡ್ ಮೋಡ, ಇನ್ನೂ ಕೆಳಗೆ ನೀರಿನ ಮೋಡ. ಅಲ್ಲಿಂದ ಒಳಗೆ ಜಲಜನಕವೇ ಜಲಜನಕ. ಇಳಿದಂತೆಲ್ಲ ಅದು ದಟ್ಟವಾಗುತ್ತ ಹೋಗುತ್ತದೆ, ಎಲ್ಲಿಯೂ 'ಇಲ್ಲಿಗೆ ಅನಿಲ ಮುಗಿಯಿತು, ದ್ರವ ಶುರು' ಎಂಬ ಗೆರೆ ಇಲ್ಲ. ನಮ್ಮ ವಾಯುಮಂಡಲದ ಒತ್ತಡದ ಹತ್ತು ಲಕ್ಷ ಪಟ್ಟಿಗೂ ಮೀರಿದ ಒತ್ತಡದಲ್ಲಿ ಜಲಜನಕ ಲೋಹದ ಹಾಗೆ ವಿದ್ಯುತ್ ಹರಿಸತೊಡಗುತ್ತದೆ. ಶನಿಯ ಕಾಂತಕ್ಷೇತ್ರ ಹುಟ್ಟುವುದು ಅಲ್ಲಿ.

ಹಳೆಯ ಪಠ್ಯಪುಸ್ತಕದ ಚಿತ್ರಗಳಲ್ಲಿ ನಡುವೆ ಗಟ್ಟಿಯಾದ ಗುಂಡು ಬಂಡೆ ಇರುತ್ತದಲ್ಲ, ಅದನ್ನು ಈಗ ಮರೆಯುವುದು ಒಳ್ಳೆಯದು. ಉಂಗುರದಲ್ಲಿ ಏಳುವ ಅಲೆಗಳನ್ನು ಲೆಕ್ಕಹಾಕಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಶನಿಯ ಗರ್ಭ ಹರಡಿಕೊಂಡಿದೆ. ಬಂಡೆ, ಹಿಮ, ಜಲಜನಕ, ಹೀಲಿಯಂ ಎಲ್ಲ ಬೆರೆತ ಪದಾರ್ಥ ತ್ರಿಜ್ಯದ ಶೇ. 60ರವರೆಗೂ ಚಾಚಿದೆ, ಹೊರಗೆ ಬಂದಂತೆ ತೆಳುವಾಗುತ್ತದೆ.

ಶನಿಯನ್ನು ನೀರಿನಲ್ಲಿ ಹಾಕಿದರೆ ತೇಲುತ್ತದಂತೆ, ನಿಜವೇ?

ಸರಾಸರಿ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ 0.687 ಗ್ರಾಂ, ನೀರಿಗಿಂತ ಕಡಿಮೆ. ಅಷ್ಟರ ಮಟ್ಟಿಗೆ ಮಾತು ಸರಿ, ಸೌರಮಂಡಲದಲ್ಲಿ ಹಾಗಿರುವ ಗ್ರಹ ಇದೊಂದೇ. ಆದರೆ ಅದು ಸರಾಸರಿ. ಹೊರಪದರ ನೀರಿಗಿಂತ ಎಷ್ಟೋ ಹಗುರ, ಗರ್ಭ ನೀರಿಗಿಂತ ಎಷ್ಟೋ ಭಾರ. ಒಂದೇ ಮುದ್ದೆಯಾಗಿ ತೇಲಲು ಅದು ಘನವಸ್ತುವಲ್ಲ. ಅನಿಲ ಚದುರುತ್ತದೆ, ಗರ್ಭ ಮುಳುಗುತ್ತದೆ. ಮಕ್ಕಳಿಗೆ ಸಾಂದ್ರತೆ ವಿವರಿಸಲು ಒಳ್ಳೆಯ ಮಾತು, ಅದಕ್ಕಿಂತ ಮುಂದೆ ಎಳೆಯಬಾರದು.

ಭೂಮಿಯ ಮೇಲೆ 60 ಕಿಲೋ ತೂಗುವವರು ಅಲ್ಲಿ ಎಷ್ಟು ತೂಗುತ್ತಾರೆ?

ಒಂದು ಕಡೆ 55 ಕಿಲೋ ಎಂದಿರುತ್ತದೆ, ಇನ್ನೊಂದು ಕಡೆ 64. ಎರಡಕ್ಕೂ ಲೆಕ್ಕವಿದೆ. ಸಮಭಾಜಕದಲ್ಲಿ ಗುರುತ್ವವೊಂದನ್ನೇ ತೆಗೆದುಕೊಂಡರೆ ಸೆಕೆಂಡಿನ ವರ್ಗಕ್ಕೆ 10.44 ಮೀಟರ್, ತಕ್ಕಡಿ ಸುಮಾರು 64 ತೋರಿಸಬೇಕು. ಗ್ರಹದ ವೇಗದ ತಿರುಗಾಟ ಹೊರಕ್ಕೆ ಎಸೆಯುವ ಪಾಲನ್ನು ಕಳೆದರೆ ಉಳಿಯುವುದು 8.96, ಅಂದರೆ 55 ಕಿಲೋ. ಧ್ರುವದಲ್ಲಿ ಎಸೆತವಿಲ್ಲ, ಕೇಂದ್ರವೂ ಹತ್ತಿರ. ಅಲ್ಲಿ 74 ಕಿಲೋ. ನಿಲ್ಲಲು ನೆಲವಿಲ್ಲದ್ದರಿಂದ ಇವೆಲ್ಲ 1 ಬಾರ್ ಮಟ್ಟದಲ್ಲಿ ತಕ್ಕಡಿ ಹಿಡಿದು ತೇಲುವವರ ಲೆಕ್ಕ.

ಶನಿಯ ಒಂದು ದಿನ ಎಷ್ಟು ಹೊತ್ತು? 10 ಗಂಟೆ 33 ನಿಮಿಷವೋ, 39 ನಿಮಿಷವೋ, 45 ನಿಮಿಷವೋ?

33 ನಿಮಿಷ ಎಂದು ಬರೆದುಕೊಳ್ಳಿ. ಉಳಿದೆರಡು ಎಲ್ಲಿಂದ ಬಂದವು ಅನ್ನುವುದು ಸ್ವಾರಸ್ಯದ ವಿಷಯ.

ನೆಲವಿದ್ದರೆ ಒಂದು ಗುಡ್ಡವನ್ನು ಗುರುತಿಟ್ಟುಕೊಂಡು ಅದು ಮತ್ತೆ ಯಾವಾಗ ಬರುತ್ತದೆ ಎಂದು ನೋಡಬಹುದಿತ್ತು. ಇಲ್ಲಿ ಮೋಡಗಳೇ ಒಂದೊಂದು ಅಕ್ಷಾಂಶದಲ್ಲಿ ಒಂದೊಂದು ವೇಗದಲ್ಲಿ ಓಡುತ್ತವೆ. ಸಮಭಾಜಕದ ಗಾಳಿ ಗಂಟೆಗೆ 1,800 ಕಿ.ಮೀ. ಮುಟ್ಟುತ್ತದೆ. ಇಂಥ ಗ್ರಹಗಳಲ್ಲಿ ಒಳಗಿನ ತಿರುಗಾಟವನ್ನು ಹಿಡಿಯಲು ಕಾಂತಕ್ಷೇತ್ರದ ಮೊರೆಹೋಗುತ್ತಾರೆ: ಕಾಂತ ಅಕ್ಷ ವಾಲಿದ್ದರೆ ಪ್ರತಿ ಸುತ್ತಿಗೂ ಅದು ಅತ್ತಿತ್ತ ತೊನೆಯುತ್ತದೆ, ಆ ತೊನೆತವನ್ನು ಎಣಿಸಿದರಾಯಿತು. ಶನಿಯಲ್ಲಿ ಎರಡೂ ಅಕ್ಷಗಳ ನಡುವಿನ ಕೋನ 0.01 ಡಿಗ್ರಿಯಷ್ಟೂ ಇಲ್ಲ. ತೊನೆತವೇ ಇಲ್ಲ. ಹಾಗಾಗಿ ವಾಯೇಜರ್ ನೌಕೆಗಳು 1980-81ರಲ್ಲಿ ರೇಡಿಯೊ ಅಲೆಗಳ ಏರಿಳಿತ ಅಳೆದು 10 ಗಂಟೆ 39 ನಿಮಿಷ ಎಂದವು. 2004ರಲ್ಲಿ ಕ್ಯಾಸಿನಿ ಅದನ್ನೇ ಅಳೆದಾಗ 10 ಗಂಟೆ 45 ನಿಮಿಷದ ಹತ್ತಿರ ಬಂತು. ಇಪ್ಪತ್ತಮೂರು ವರ್ಷದಲ್ಲಿ ಇಡೀ ಗ್ರಹ ಆರು ನಿಮಿಷ ನಿಧಾನವಾಗುವುದು ಅಸಾಧ್ಯ. ಅಂದರೆ ಆ ರೇಡಿಯೊ ಅಲೆ ಒಳಗಿನ ತಿರುಗಾಟವನ್ನು ಹೇಳುತ್ತಲೇ ಇರಲಿಲ್ಲ.

ಬಿಡುಗಡೆ ಸಿಕ್ಕಿದ್ದು ಉಂಗುರದಿಂದ. ಗ್ರಹದ ಒಡಲು ಕಂಪಿಸಿದಾಗ ಅದರ ಗುರುತ್ವದಲ್ಲಾಗುವ ಅತಿ ಸಣ್ಣ ಏರಿಳಿತ ಸಿ ಉಂಗುರದಲ್ಲಿ ಸುರುಳಿ ಅಲೆಗಳನ್ನು ಎಬ್ಬಿಸುತ್ತದೆ. ಆ ಅಲೆಗಳಿಂದ 2019ರಲ್ಲಿ ಹೊರಟ ಉತ್ತರ 10 ಗಂಟೆ 33 ನಿಮಿಷ 38 ಸೆಕೆಂಡ್.

ಉಂಗುರ ಯಾವುದರಿಂದ ಆಗಿದೆ? ಅದು ಒಂದೇ ತಟ್ಟೆಯೇ?

ಶೇ. 95ಕ್ಕೂ ಹೆಚ್ಚು ನೀರಿನ ಹಿಮ, ಉಳಿದದ್ದು ಕಲ್ಲಿನ ದೂಳು ಮತ್ತು ಇಂಗಾಲದ ಪದಾರ್ಥ. ಮರಳಿನ ಕಣಕ್ಕಿಂತ ಸಣ್ಣದರಿಂದ ಹಿಡಿದು ಮನೆಯಷ್ಟು ದೊಡ್ಡ ಹೆಂಟೆಗಳವರೆಗೆ, ಪ್ರತಿಯೊಂದೂ ತನ್ನದೇ ಕಕ್ಷೆಯಲ್ಲಿ ಸುತ್ತುವ ಪುಟ್ಟ ಉಪಗ್ರಹ. ಗಟ್ಟಿ ತಟ್ಟೆಯಾಗಿದ್ದರೆ ಒಡೆದುಹೋಗುತ್ತಿತ್ತು ಎಂದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1859ರಲ್ಲಿ ಗಣಿತದಿಂದಲೇ ತೋರಿಸಿದ್ದರು. 1895ರಲ್ಲಿ ಜೇಮ್ಸ್ ಕೀಲರ್ ಉಂಗುರದ ಬೆಳಕಿನ ರೋಹಿತ ತೆಗೆದು ಒಳಭಾಗ ಹೊರಭಾಗಕ್ಕಿಂತ ಬೇಗ ಸುತ್ತುತ್ತದೆ ಎಂದು ಕಣ್ಣಾರೆ ತೋರಿಸಿದರು. ಗಟ್ಟಿ ತಟ್ಟೆಯಲ್ಲಿ ಹೊರ ಅಂಚೇ ವೇಗವಾಗಿ ಓಡಬೇಕಿತ್ತು.

ವೇಗ ಎಷ್ಟು? ಸಿ ಉಂಗುರದ ಒಳ ಅಂಚಿನ ಕಣ ಸೆಕೆಂಡಿಗೆ 22.5 ಕಿ.ಮೀ. ಓಡುತ್ತ 5.8 ಗಂಟೆಯಲ್ಲಿ ಒಂದು ಸುತ್ತು ಮುಗಿಸುತ್ತದೆ. ಎ ಉಂಗುರದ ಹೊರ ಅಂಚಿನದು ಸೆಕೆಂಡಿಗೆ 16.6 ಕಿ.ಮೀ., ಸುತ್ತಿಗೆ 14.3 ಗಂಟೆ. ಈ ವೇಗ ಕೇಳಿ ಕಣಗಳು ಸದಾ ಒಂದನ್ನೊಂದು ಚಚ್ಚಿಕೊಳ್ಳುತ್ತವೆ ಎಂದುಕೊಳ್ಳಬೇಡಿ. ಅಕ್ಕಪಕ್ಕದ ಕಣಗಳೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಅದೇ ದಿಕ್ಕಿಗೆ ಹೋಗುತ್ತಿರುತ್ತವೆ, ಪರಸ್ಪರ ತಾಗುವುದು ಸೆಕೆಂಡಿಗೆ ಕೆಲವು ಮಿಲಿಮೀಟರ್ ವೇಗದಲ್ಲಿ. ಈ ಮೆಲ್ಲನೆಯ ತಾಕಾಟವೇ ಉಂಗುರವನ್ನು ಚಪ್ಪಟೆಯಾಗಿಟ್ಟಿದೆ: ಮೇಲೆ ಕೆಳಗೆ ಪುಟಿಯುವ ಕಣ ಪ್ರತಿ ಸುತ್ತಿನಲ್ಲೂ ಎರಡು ಸಲ ಉಂಗುರದ ತಲವನ್ನು ದಾಟಬೇಕು, ದಾಟುವಾಗ ತಾಗಬೇಕು, ತಾಗಿದಾಗ ಪುಟಿತ ಕಳೆದುಕೊಳ್ಳಬೇಕು. ಅಡ್ಡ ಚಲನೆ ಸತ್ತು ಸುತ್ತುವ ಚಲನೆಯಷ್ಟೇ ಉಳಿಯುತ್ತದೆ.

ಹೀಗಾಗಿ ಮುಖ್ಯ ಉಂಗುರಗಳ ದಪ್ಪ ಬಹುಪಾಲು ಕಡೆ 10 ಮೀಟರಿನ ಆಸುಪಾಸು, ಅಡ್ಡಗಲ ಮಾತ್ರ ಸುಮಾರು 2,73,500 ಕಿ.ಮೀ. ದಪ್ಪವನ್ನು ಬರೆಯುವ ಕಾಗದದ ಹಾಳೆಯಷ್ಟಕ್ಕೆ ಇಳಿಸಿದರೆ ಆ ಹಾಳೆ 2.7 ಕಿ.ಮೀ. ಅಗಲ ಇರಬೇಕಾಗುತ್ತದೆ.

ಉಂಗುರಗಳಿಗೆ ಪತ್ತೆಯಾದ ಕ್ರಮದಲ್ಲಿ ಹೆಸರಿಟ್ಟಿದ್ದರಿಂದ ಅಕ್ಷರಗಳು ವರಸೆಯಲ್ಲಿಲ್ಲ. ಗ್ರಹದಿಂದ ಹೊರಗೆ ಹೋಗುತ್ತ ಡಿ, ಸಿ, ಬಿ, ಎ, ಎಫ್, ಜಿ, ಇ. ನಮ್ಮ ದೂರದರ್ಶಕಗಳಿಗೆ ಸಿಗುವುದು ಎ, ಬಿ. ಆಕಾಶ ಚೆನ್ನಾಗಿದ್ದರೆ ಹೊಗೆಯಂಥ ಸಿ. ಇವೆಲ್ಲಕ್ಕಿಂತ ಎಷ್ಟೋ ಹೊರಗೆ ಫೀಬಿ ಉಪಗ್ರಹದ ದೂಳಿನ ಮಹಾ ಉಂಗುರವೊಂದಿದೆ. ಸ್ಪಿಟ್ಜರ್ ಅವಕೆಂಪು ದೂರದರ್ಶಕ 2009ರಲ್ಲಿ ಅದನ್ನು ಕಂಡುಹಿಡಿಯಿತು.

ಉಂಗುರಗಳ ನಡುವೆ ಕಪ್ಪು ಸಂದು ಏಕಿದೆ?

ದೊಡ್ಡದು ಕ್ಯಾಸಿನಿ ಸಂದು, ಬಿ ಮತ್ತು ಎ ಉಂಗುರಗಳ ನಡುವೆ ಸುಮಾರು 4,600 ಕಿ.ಮೀ. ಅಗಲ. ಖಗೋಳಜ್ಞ ಜೊವಾನಿ ಕ್ಯಾಸಿನಿ 1675ರಲ್ಲಿ ಗುರುತಿಸಿದ್ದು. ಪೂರ್ತಿ ಖಾಲಿಯಲ್ಲ, ಕಣ ವಿರಳ. ಬಿ ಉಂಗುರದ ಹೊರ ಅಂಚಿನಲ್ಲಿ ಸುತ್ತುವ ಕಣಕ್ಕೆ ಒಂದು ಸುತ್ತಿಗೆ 11.3 ಗಂಟೆ, ಮಿಮಾಸ್ ಉಪಗ್ರಹಕ್ಕೆ 22.6 ಗಂಟೆ, ಸರಿಯಾಗಿ ಎರಡು ಪಟ್ಟು. ಕಣ ಎರಡು ಸುತ್ತು ಹಾಕುವಷ್ಟರಲ್ಲಿ ಮಿಮಾಸ್ ಮತ್ತೆ ಅದೇ ಜಾಗದಲ್ಲಿ ಎದುರಾಗಿ ಅದೇ ದಿಕ್ಕಿಗೆ ಎಳೆಯುತ್ತದೆ. ಎಳೆತ ಸಣ್ಣದೇ, ಆದರೆ ಪ್ರತಿ ಸಲವೂ ಕೂಡುತ್ತ ಹೋಗುವುದರಿಂದ ಕಣ ಆ ಕಕ್ಷೆಯಲ್ಲಿ ನಿಲ್ಲಲಾರದು.

ಎಲ್ಲ ಸಂದಿಗೂ ಇದೇ ಕಾರಣವಲ್ಲ. ಎ ಉಂಗುರದೊಳಗಿನ 325 ಕಿ.ಮೀ. ಅಗಲದ ಎಂಕೆ ಸಂದಿಯಲ್ಲಿ ಪಾನ್ ಎಂಬ ಪುಟ್ಟ ಉಪಗ್ರಹ ಖುದ್ದಾಗಿ ಓಡಾಡಿ ದಾರಿ ಗುಡಿಸುತ್ತದೆ. 42 ಕಿ.ಮೀ. ಅಗಲದ ಕೀಲರ್ ಸಂದಿಯಲ್ಲಿ ಡಾಫ್ನಿಸ್ ಇದೆ. ಎಂಟೇ ಕಿ.ಮೀ. ಉದ್ದದ ಕಲ್ಲು, ಅದು ಹಾದುಹೋದಾಗ ಎರಡೂ ದಂಡೆಗಳಲ್ಲಿ ಅಲೆ ಏಳುವುದನ್ನು ಕ್ಯಾಸಿನಿ ನೌಕೆ ಸೆರೆಹಿಡಿದಿದೆ.

ಉಂಗುರ ಎಷ್ಟು ಹಳೆಯದು? ಕರಗಿಹೋಗುತ್ತದೆ ಅನ್ನುವುದು ನಿಜವೇ?

ವಯಸ್ಸಿನ ವಿಷಯದಲ್ಲಿ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. 'ಹತ್ತು ಕೋಟಿ ವರ್ಷ' ಎಂದು ಖಚಿತವಾಗಿ ಬರೆದ ಲೇಖನ ಅರ್ಧ ಮಾತ್ರ ಹೇಳಿದೆ.

ಎಳೆಯದು ಅನ್ನುವವರ ವಾದ ಹೀಗಿದೆ. 2017ರಲ್ಲಿ ಕ್ಯಾಸಿನಿ ಗ್ರಹಕ್ಕೂ ಉಂಗುರಕ್ಕೂ ನಡುವೆ ನುಗ್ಗಿ ಹಾದಾಗ ಉಂಗುರದ ದ್ರವ್ಯರಾಶಿ ಗೊತ್ತಾಯಿತು: ಮಿಮಾಸ್ ಉಪಗ್ರಹದ ಶೇ. 40ರಷ್ಟು. ಅಂತರಿಕ್ಷದ ದೂಳು ಅದರ ಮೇಲೆ ಸದಾ ಬೀಳುತ್ತಿದೆ. ಇಷ್ಟು ಕಡಿಮೆ ಹಿಮ 450 ಕೋಟಿ ವರ್ಷ ಆ ದೂಳಿಗೆ ಮೈಯೊಡ್ಡಿದ್ದರೆ ಮಸಿಯಾಗಿರಬೇಕಿತ್ತು, ಆದರೆ ಬಿಳುಪಾಗಿ ಹೊಳೆಯುತ್ತಿದೆ. ಹಾಗಾಗಿ 1ರಿಂದ 10 ಕೋಟಿ ವರ್ಷ ಎಂದು ಒಂದು ಅಂದಾಜು, ದೂಳಿನ ಲೆಕ್ಕ ಹಿಡಿದು 2023ರಲ್ಲಿ ಬಂದ ಇನ್ನೊಂದು ಅಂದಾಜು ಹೆಚ್ಚೆಂದರೆ 40 ಕೋಟಿ. ಹಳೆಯದು ಅನ್ನುವವರು 2024ರ ಕೊನೆಗೆ ಎದುರುವಾದ ಹೂಡಿದರು: ಅಷ್ಟು ವೇಗದಲ್ಲಿ ಬಡಿಯುವ ದೂಳು ಆವಿಯಾಗಿ ಚದುರುತ್ತದೆ, ಹಿಮಕ್ಕೆ ಅಂಟುವುದೇ ಕಡಿಮೆ, ಬಿಳುಪನ್ನು ನೋಡಿ ವಯಸ್ಸು ಹೇಳಲಾಗದು. ನಮ್ಮ ಅಭಿಪ್ರಾಯ ಕೇಳಿದರೆ, ದ್ರವ್ಯರಾಶಿಯ ಅಳತೆ ಗಟ್ಟಿಯಾಗಿದೆ, ಅದರಿಂದ ಹೊರಡಿಸಿದ ವಯಸ್ಸು ಅಷ್ಟು ಗಟ್ಟಿಯಾಗಿಲ್ಲ.

ಕರಗುತ್ತಿರುವುದು ಮಾತ್ರ ನಿಜ. ಉಂಗುರದ ಸೂಕ್ಷ್ಮ ಹಿಮಕಣಗಳು ವಿದ್ಯುದಾವೇಶ ಪಡೆದು ಕಾಂತರೇಖೆಗಳ ಗುಂಟ ಗ್ರಹಕ್ಕೆ ಸುರಿಯುತ್ತವೆ. 2018ರ ಅಂದಾಜಿನಂತೆ ಸೆಕೆಂಡಿಗೆ 432ರಿಂದ 2,870 ಕಿಲೋವರೆಗೆ. ಈ ದರದಲ್ಲಿ ಸುಮಾರು 30 ಕೋಟಿ ವರ್ಷಕ್ಕೆ ಮುಗಿಯುತ್ತದೆ, ಸಮಭಾಜಕದ ಮೇಲೆ ನೇರವಾಗಿ ಬೀಳುವುದನ್ನೂ ಸೇರಿಸಿದರೆ 10 ಕೋಟಿಗೇ.

ಹಾಗಾದರೆ 2025ರಲ್ಲಿ ಉಂಗುರ ಮಾಯವಾಯಿತು ಅಂದದ್ದು?

ಅದು ನೋಟದ ಕೋನದ ಸಂಗತಿ, ಕರಗುವುದಕ್ಕೆ ಸಂಬಂಧವಿಲ್ಲ. ಶನಿಯ ಅಕ್ಷ 26.7 ಡಿಗ್ರಿ ವಾಲಿದೆ, ಆ ವಾಲು ಆಕಾಶದಲ್ಲಿ ಒಂದೇ ದಿಕ್ಕಿಗಿರುತ್ತದೆ. ಹಾಗಾಗಿ ಒಂದು ಸುತ್ತಿನಲ್ಲಿ ಎರಡು ಸಲ, ಅಂದರೆ ಸರಿಸುಮಾರು 13ರಿಂದ 16 ವರ್ಷಕ್ಕೊಮ್ಮೆ, ಉಂಗುರದ ಅಂಚು ನಮ್ಮತ್ತ ತಿರುಗುತ್ತದೆ. 10 ಮೀಟರ್ ದಪ್ಪದ್ದು ಇಷ್ಟು ದೂರದಿಂದ ಕಾಣುವ ಮಾತೇ ಇಲ್ಲ. 1610ರಲ್ಲಿ ಶನಿಯ ಎರಡು ಪಕ್ಕದಲ್ಲಿ ಗುಂಡುಗಳಿದ್ದಂತೆ ಕಂಡಿದ್ದ ಗೆಲಿಲಿಯೊಗೆ 1612ರಲ್ಲಿ ಅವು ಕಾಣದೆ ಗಲಿಬಿಲಿಯಾದದ್ದು ಇದೇ ಕಾರಣಕ್ಕೆ. ಅದು ಗ್ರಹಕ್ಕೆ ಎಲ್ಲೂ ತಾಗದ ಉಂಗುರ ಎಂದು ಕ್ರಿಶ್ಚಿಯನ್ ಹೈಗನ್ಸ್ 1659ರಲ್ಲಿ ಬಿಡಿಸಿ ಹೇಳಿದರು.

ಈಚಿನ ಅಂಚಿನ ನೋಟ 2025ರ ಮಾರ್ಚ್ 23ರಂದು ಬಂತು, ಆದರೆ ಶನಿ ಆಗ ಸೂರ್ಯನ ಪಕ್ಕದಲ್ಲಿದ್ದರಿಂದ ನೋಡಲಾಗಲಿಲ್ಲ. ಅದೇ ವರ್ಷ ನವೆಂಬರ್ ಕೊನೆಯಲ್ಲಿ ಮತ್ತೆ ಅರ್ಧ ಡಿಗ್ರಿಯೊಳಕ್ಕೆ ಮುಚ್ಚಿ ತೆಳು ಗೆರೆಯಾಗಿ ಕಂಡಿತು. ಈಗ ದಕ್ಷಿಣದ ಮುಖ ತೆರೆಯುತ್ತಿದೆ: 2026ರ ಅಕ್ಟೋಬರ್‌ನಲ್ಲಿ ಉಂಗುರ ನಮ್ಮತ್ತ ತೋರುವ ವಾಲು ಸುಮಾರು 7.5 ಡಿಗ್ರಿ, 2027ರ ಅಕ್ಟೋಬರ್‌ಗೆ ಸುಮಾರು 13, 2032ರಲ್ಲಿ ಪೂರ್ತಿ 27ರ ಹತ್ತಿರ. ಮುಂದಿನ ಅಂಚಿನ ನೋಟ 2038-39ರಲ್ಲಿ, ಆಗ ಮೂರು ಸಲ.

ಷಟ್ಕೋನದ ಮೋಡ ಅಂದರೇನು?

ಉತ್ತರ ಧ್ರುವದ ಸುತ್ತ, 78 ಡಿಗ್ರಿ ಅಕ್ಷಾಂಶದಲ್ಲಿ ಹರಿಯುವ ಗಾಳಿಯ ಹೊನಲು ವೃತ್ತವಾಗುವ ಬದಲು ಆರು ಮೂಲೆಯಾಗಿ ತಿರುಗುತ್ತದೆ. ಒಂದೊಂದು ಬದಿ ಭೂಮಿಯ ವ್ಯಾಸಕ್ಕಿಂತ ಉದ್ದ. 1988ರಲ್ಲಿ ವಾಯೇಜರ್ ಚಿತ್ರಗಳನ್ನು ಜೋಡಿಸುವಾಗ ಸಿಕ್ಕಿತು, ಕ್ಯಾಸಿನಿ ಹೋದಾಗಲೂ ಹಾಗೇ ಇತ್ತು. ಅಕ್ಕಪಕ್ಕದ ಗಾಳಿಗಳ ವೇಗದಲ್ಲಿ ತೀವ್ರ ವ್ಯತ್ಯಾಸವಿದ್ದರೆ ಹೊನಲು ಹೀಗೆ ಬಳುಕಿ ನಿಲ್ಲುತ್ತದೆ. ತಿರುಗುವ ದ್ರವದ ಪಾತ್ರೆಯಲ್ಲಿ ಪ್ರಯೋಗಾಲಯದಲ್ಲೂ ಬಹುಕೋನಗಳನ್ನು ಬರಿಸಿದ್ದಾರೆ. ದಕ್ಷಿಣ ಧ್ರುವದಲ್ಲಿ ಷಟ್ಕೋನವಿಲ್ಲ.

ಬಿರುಗಾಳಿಗಳ ವಿಷಯಕ್ಕೆ ಬಂದರೆ, ಕೆಲವು ದಶಕಗಳಿಗೊಮ್ಮೆ ಇಡೀ ಗ್ರಹವನ್ನೇ ಸುತ್ತುವ ಬಿಳಿ ಚುಕ್ಕೆ ಏಳುತ್ತದೆ: 1876, 1903, 1933, 1960, 1990, 2010. 1933ರದ್ದನ್ನು ಮೊದಲು ಕಂಡವರು ವಿಲ್ ಹೇ ಎಂಬ ಇಂಗ್ಲೆಂಡಿನ ಹಾಸ್ಯನಟ.

ಶನಿಗೆ ಎಷ್ಟು ಉಪಗ್ರಹಗಳು?

2025ರ ಮಾರ್ಚ್‌ನಲ್ಲಿ ಒಂದೇ ಸಲಕ್ಕೆ 128 ಸೇರಿ 274 ಆಯಿತು. ಹೊಸಬರೆಲ್ಲ ಕೆಲವೇ ಕಿ.ಮೀ. ಗಾತ್ರದ, ದೂರದಲ್ಲಿ ಅಡ್ಡಾದಿಡ್ಡಿ ಸುತ್ತುವ ಕಲ್ಲುಗಳು, ಸಂಖ್ಯೆ ಇನ್ನೂ ಏರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಪುಸ್ತಕದ ಮುದ್ರಣದ ವರ್ಷ ನೋಡಿಕೊಳ್ಳಿ.

ಟೈಟನ್ 5,150 ಕಿ.ಮೀ. ವ್ಯಾಸದ್ದು, ಬುಧ ಗ್ರಹಕ್ಕಿಂತ ದೊಡ್ಡದು. ನಮ್ಮದಕ್ಕಿಂತ ದಟ್ಟವಾದ ಸಾರಜನಕದ ವಾತಾವರಣ, ಮೈನಸ್ 179 ಡಿಗ್ರಿ ಚಳಿ, ದ್ರವ ಮೀಥೇನಿನ ಮಳೆ, ಕೆರೆ. 2005ರ ಜನವರಿ 14ರಂದು ಹೈಗನ್ಸ್ ಶೋಧಕ ಅಲ್ಲಿ ಇಳಿಯಿತು. ನಾಸಾದ ಡ್ರಾಗನ್‌ಫ್ಲೈ ಹಾರುಯಂತ್ರ 2028ರಲ್ಲಿ ಹೊರಟು 2034ರಲ್ಲಿ ತಲುಪುವ ಯೋಜನೆಯಿದೆ. ಎನ್ಸೆಲಡಸ್ ಬರೀ 504 ಕಿ.ಮೀ. ಅಗಲದ ಹಿಮದ ಗೋಳ. ಅದರ ದಕ್ಷಿಣ ಧ್ರುವದ ಬಿರುಕುಗಳಿಂದ ಚಿಮ್ಮುವ ನೀರಿನಲ್ಲಿ ಉಪ್ಪು, ಜಲಜನಕ, ಫಾಸ್ಫೇಟ್ ಸಿಕ್ಕಿವೆ. ಇ ಉಂಗುರ ಆ ಚಿಮ್ಮುವಿಕೆಯಿಂದಲೇ ಆದದ್ದು. 2017ರ ಸೆಪ್ಟೆಂಬರ್ 15ರಂದು ಇಂಧನ ಮುಗಿಯುತ್ತ ಬಂದ ಕ್ಯಾಸಿನಿಯನ್ನು ಶನಿಯೊಳಕ್ಕೇ ಬೀಳಿಸಿ ಸುಟ್ಟದ್ದು ಈ ಎರಡು ಉಪಗ್ರಹಗಳಿಗಾಗಿ. ನಿಯಂತ್ರಣ ತಪ್ಪಿ ಅವುಗಳಿಗೆ ಬಡಿದರೆ ನಮ್ಮ ಸೂಕ್ಷ್ಮಾಣುಗಳು ಅಲ್ಲಿ ಸೇರುವ ಅಪಾಯವಿತ್ತು.

ಬೇರೆ ಗ್ರಹಗಳಿಗೂ ಉಂಗುರವಿದೆಯೇ?

ಗುರು, ಯುರೇನಸ್, ನೆಪ್ಚೂನ್ ಮೂರಕ್ಕೂ ಇದೆ, ಮಂಕಾಗಿದೆ. ಯುರೇನಸ್ 1977ರ ಮಾರ್ಚ್ 10ರಂದು ನಕ್ಷತ್ರವೊಂದನ್ನು ಮರೆಮಾಡುವ ಹೊತ್ತಿಗೆ ಆ ನಕ್ಷತ್ರ ಕ್ಷಣಕಾಲ ಮಂಕಾದದ್ದರಿಂದ ಅದರ ಉಂಗುರ ಪತ್ತೆಯಾಯಿತು. ಆ ಮಂಕನ್ನು ದಾಖಲಿಸಿದ ದೂರದರ್ಶಕಗಳಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತಮಿಳುನಾಡಿನ ಕಾವಲೂರಿನಲ್ಲಿ ಇಟ್ಟಿರುವ 1 ಮೀಟರಿನದೂ ಒಂದು.

ಸಾಡೇಸಾತಿಯ ಏಳೂವರೆ ವರ್ಷಕ್ಕೂ ಗ್ರಹದ ಚಲನೆಗೂ ಸಂಬಂಧವಿದೆಯೇ?

ಲೆಕ್ಕಕ್ಕೆ ಇದೆ. 29.46 ವರ್ಷವನ್ನು 12 ರಾಶಿಗೆ ಹಂಚಿದರೆ ರಾಶಿಗೆ ಸುಮಾರು ಎರಡೂವರೆ ವರ್ಷ. ಜನ್ಮರಾಶಿ, ಅದರ ಹಿಂದಿನದು, ಮುಂದಿನದು, ಹೀಗೆ ಮೂರು ರಾಶಿ ದಾಟಲು ಏಳೂವರೆ. ಪಂಚಾಂಗದ ವಕ್ರಗತಿಯೂ ನಿಜವಾಗಿ ಕಾಣುವ ವಿದ್ಯಮಾನ: ಒಳಕಕ್ಷೆಯಲ್ಲಿ ವೇಗವಾಗಿ ಓಡುವ ಭೂಮಿ ಶನಿಯನ್ನು ಹಿಂದೆ ಹಾಕುವಾಗ, ವರ್ಷಕ್ಕೆ ಸುಮಾರು ನಾಲ್ಕೂವರೆ ತಿಂಗಳು, ಅದು ನಕ್ಷತ್ರಗಳ ನಡುವೆ ಹಿಂದಕ್ಕೆ ಸರಿದಂತೆ ತೋರುತ್ತದೆ. ಗ್ರಹ ತಾನು ಹಿಂದೆ ತಿರುಗುವುದಿಲ್ಲ. ಫಲದ ಭಾಗಕ್ಕೆ ಭೌತಶಾಸ್ತ್ರದಲ್ಲಿ ಆಧಾರವಿಲ್ಲ.

ಉಂಗುರ ನೋಡಲು ಎಂಥ ದೂರದರ್ಶಕ ಬೇಕು? ಯಾವಾಗ ನೋಡಬೇಕು?

ಬರಿಗಣ್ಣಿಗೆ ಶನಿ ಹೆಚ್ಚು ಮಿನುಗದ ತಿಳಿ ಹಳದಿ ಚುಕ್ಕೆ. 10 ಪಟ್ಟಿನ ಬೈನಾಕ್ಯುಲರ್‌ನಲ್ಲಿ ಉಂಗುರ ಬಿಡಿಸಿ ಕಾಣದು. 60-70 ಮಿ.ಮೀ. ಮಸೂರದ ಸಣ್ಣ ದೂರದರ್ಶಕ ಸಾಕು. ಸಂಗಮದೂರ (ಫೋಕಲ್ ಲೆಂತ್) 700 ಮಿ.ಮೀ. ಇದ್ದು 10 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಹಾಕಿದರೆ 70 ಪಟ್ಟು. ಅಷ್ಟಕ್ಕೆ ಉಂಗುರ ಗ್ರಹದಿಂದ ಬೇರೆಯಾಗಿ ನಿಲ್ಲುತ್ತದೆ. ಕ್ಯಾಸಿನಿ ಸಂದಿಗೆ 100 ಮಿ.ಮೀ.ಗಿಂತ ದೊಡ್ಡದು, 120 ಪಟ್ಟು, ಅಲುಗದ ಗಾಳಿ ಮತ್ತು ಚೆನ್ನಾಗಿ ತೆರೆದ ಉಂಗುರ ಬೇಕು. ವಾಲು 10 ಡಿಗ್ರಿ ದಾಟುವವರೆಗೆ ಅದಕ್ಕಾಗಿ ಪರದಾಡಬೇಡಿ. ಟೈಟನ್ 60 ಮಿ.ಮೀ.ನಲ್ಲೂ ಸಿಗುತ್ತದೆ. ಉಂಗುರದ ಉದ್ದದ ನಾಲ್ಕೂವರೆ ಪಟ್ಟು ದೂರದವರೆಗೆ ಹೋಗಿ 16 ದಿನಕ್ಕೆ ಒಂದು ಸುತ್ತು ಮುಗಿಸುತ್ತದೆ.

ಸೂರ್ಯನಿಗೆ ನೇರ ಎದುರು ಬರುವ ದಿನ ಶನಿ ಅತಿ ಹತ್ತಿರ, ರಾತ್ರಿಯಿಡೀ ಇರುತ್ತದೆ: 2026ರಲ್ಲಿ ಅಕ್ಟೋಬರ್ 4, 2027ರಲ್ಲಿ ಅಕ್ಟೋಬರ್ 18. ಆ ಎರಡು ಮೂರು ದಿನ ಹಿಮಕಣಗಳ ನೆರಳು ಅವುಗಳ ಬೆನ್ನಿಗೇ ಅಡಗುವುದರಿಂದ ಉಂಗುರ ತಟ್ಟನೆ ಹೆಚ್ಚು ಬೆಳಗುತ್ತದೆ. ಹಾಗೆಂದು ಕರ್ನಾಟಕದಲ್ಲಿ ಆ ದಿನಕ್ಕೇ ಕಾದು ಕೂರಬೇಕಿಲ್ಲ, ಅಕ್ಟೋಬರ್ ಮಳೆ ಬಿಟ್ಟರೆ ತಾನೆ! ಡಿಸೆಂಬರ್, ಜನವರಿಯ ಸಂಜೆ ಆಕಾಶ ತಿಳಿಯಾಗಿರುತ್ತದೆ. ಆಗ ಬೆಳಕು ಓರೆಯಾಗಿ ಬೀಳುವುದರಿಂದ ಗ್ರಹದ ನೆರಳು ಉಂಗುರದ ಮೇಲೆ ಕಪ್ಪಾಗಿ ಕಂಡು ಚಿತ್ರಕ್ಕೆ ಆಳ ಬರುತ್ತದೆ. ನೋಡುವುದಕ್ಕೆ ನಾವು ಶಿಫಾರಸು ಮಾಡುವುದು ಆ ತಿಂಗಳುಗಳನ್ನೇ.

ಎಲ್ಲ ಸರಿಯಿದ್ದೂ ಮಸುಕಾಗಿ ಕುದಿಯುವಂತೆ ಕಾಣುತ್ತದೆ. ಏನು ತಪ್ಪು?

ಹತ್ತರಲ್ಲಿ ಒಂಬತ್ತು ಸಲ ಹೆಚ್ಚಿಗೆ ಹಿಗ್ಗಿಸಿರುತ್ತೀರಿ. ಅಗ್ಗದ ಪೆಟ್ಟಿಗೆಯ ಮೇಲೆ '525 ಪಟ್ಟು' ಎಂದಿರುತ್ತದೆ. ಮಸೂರದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು ಗರಿಷ್ಠ ಮಿತಿ, 70 ಮಿ.ಮೀ.ಗೆ 140. ಜೊತೆಗೆ ಕೊಟ್ಟ, ಹಿಗ್ಗಿಸುವುದನ್ನು ಇನ್ನೂ ಹೆಚ್ಚಿಸುವ 3 ಪಟ್ಟಿನ ಬಾರ್ಲೊ ಮಸೂರ ಮತ್ತು 4 ಮಿ.ಮೀ. ಐಪೀಸ್ ಎರಡನ್ನೂ ಪೆಟ್ಟಿಗೆಯಲ್ಲೇ ಬಿಡಿ. 25 ಮಿ.ಮೀ. ಐಪೀಸ್‌ನಲ್ಲಿ ಗ್ರಹವನ್ನು ನಡುವಿಗೆ ತಂದು ಆಮೇಲೆ 10 ಮಿ.ಮೀ.ಗೆ ಬದಲಿಸಿ.

ಮುಂದಿನ ಕಾರಣ ಕಾಲ ಕೆಳಗಿದೆ. ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ, ಆ ಗಾಳಿಯ ಮೂಲಕ ನೋಡಿದರೆ ಗ್ರಹ ಕುದಿಯುತ್ತದೆ. ಸಾಧ್ಯವಾದರೆ ಹುಲ್ಲು ಅಥವಾ ಮಣ್ಣಿನ ಮೇಲೆ ಇಡಿ, ಇಲ್ಲವೇ ತಡವಾಗಿ ನೋಡಿ. ಕಿಟಕಿಯ ಗಾಜಿನ ಮೂಲಕ ನೋಡುವುದು ಬೇಡವೇ ಬೇಡ. ದರ್ಪಣದ ದೂರದರ್ಶಕವಾದರೆ ಅರ್ಧದಿಂದ ಒಂದು ಗಂಟೆ ಮೊದಲೇ ಹೊರಗಿಡಿ, ದರ್ಪಣ ಹೊರಗಿನ ಉಷ್ಣತೆಗೆ ಬರಬೇಕು. ಆಮೇಲೂ ಒಂದು ಪಕ್ಕಕ್ಕೆ ಬಾಲ ಬಂದಂತಿದ್ದರೆ ದರ್ಪಣಗಳ ಜೋಡಣೆ ತಪ್ಪಿದೆ: ಹೊಳೆಯುವ ನಕ್ಷತ್ರವನ್ನು ಸ್ವಲ್ಪ ಫೋಕಸ್ ತಪ್ಪಿಸಿ ನೋಡಿ, ನಡುವಿನ ಕಪ್ಪು ಚುಕ್ಕೆ ಪಕ್ಕಕ್ಕೆ ಸರಿದಿದ್ದರೆ ಹಿಂಬದಿಯ ತಿರುಪುಗಳನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಸರಿಪಡಿಸಿ.

2026ರಲ್ಲಿ ಬೆಂಗಳೂರಿನವರಿಗೆ ಇನ್ನೊಂದು ತೊಡಕು. ಶನಿ ಸುಮಾರು 80 ಡಿಗ್ರಿ ಎತ್ತರಕ್ಕೆ, ನೆತ್ತಿಯ ಹತ್ತಿರ ಹೋಗುತ್ತದೆ. ಅಲ್ಲಿ ಗಾಳಿಯ ಪದರ ತೆಳು, ನೋಟಕ್ಕೆ ಒಳ್ಳೆಯದೇ. ಆದರೆ ನೆಲದ ಮೇಲೆ ಕೂರಿಸಿ ಕೈಯಲ್ಲೇ ತಿರುಗಿಸುವ ಡಾಬ್ಸೋನಿಯನ್ ಪೀಠವನ್ನು ಆ ಕೋನದಲ್ಲಿ ತಿರುಗಿಸುವುದು ಹಿಂಸೆ, ಮೂರುಕಾಲಿನ ಪೀಠದಲ್ಲಿ ಕೊಳವೆ ಕಾಲಿಗೆ ತಾಗುತ್ತದೆ. 60-65 ಡಿಗ್ರಿಯಲ್ಲಿ, ಅಂದರೆ ನೆತ್ತಿಗೆ ಬರುವ ಒಂದೂವರೆ ಎರಡು ಗಂಟೆ ಮೊದಲು ಅಥವಾ ನಂತರ ನೋಡುವುದು ಆರಾಮ.

ಗ್ರಹ ನೋಟದಿಂದ ಜಾರಿಹೋಗುತ್ತದೆ, ಅಂದುಕೊಂಡಷ್ಟು ದೊಡ್ಡದಾಗಿಯೂ ಕಾಣುವುದಿಲ್ಲ.

ಜಾರುವುದು ಭೂಮಿ ತಿರುಗುವುದರಿಂದ. 70 ಪಟ್ಟಿನಲ್ಲಿ ಅಂಚಿನಿಂದ ಅಂಚಿಗೆ ಸುಮಾರು 3 ನಿಮಿಷ, 240 ಪಟ್ಟಿನಲ್ಲಿ 50 ಸೆಕೆಂಡ್. ಗ್ರಹವನ್ನು ನೋಟದ ಅಂಚಿಗೆ ಇಟ್ಟು, ಕೈ ತೆಗೆದು, ಅದು ನಡುವೆ ತೇಲಿ ಹೋಗುವಾಗ ನೋಡಿ. ಗಾತ್ರದ ವಿಷಯದಲ್ಲಿ ಕಣ್ಣು ಮೋಸಹೋಗುತ್ತದೆ. 70 ಪಟ್ಟಿನಲ್ಲಿ ಉಂಗುರದ ಅಗಲ ಬರಿಗಣ್ಣಿನ ಹುಣ್ಣಿಮೆ ಚಂದ್ರನಿಗಿಂತ ಹೆಚ್ಚೇ ಇರುತ್ತದೆ. ಕಪ್ಪು ವೃತ್ತದೊಳಗೆ ಒಂಟಿಯಾಗಿದ್ದಾಗ ಚಿಕ್ಕದೆನಿಸುತ್ತದೆ. ಕನಿಷ್ಠ ಐದು ನಿಮಿಷ ಕಣ್ಣು ತೆಗೆಯದೆ ನೋಡಿ. ಗಾಳಿ ಸ್ಥಿರವಾಗುವ ಕ್ಷಣಗಳು ನಡುನಡುವೆ ಬರುತ್ತವೆ, ವಿವರ ಸಿಗುವುದು ಆಗಲೇ.

ಫೋನಿನಲ್ಲಿ ಫೋಟೋ ತೆಗೆದರೆ ಬರೀ ಬಿಳಿ ಮುದ್ದೆ ಬರುತ್ತದೆ.

ಸುತ್ತಲಿನ ಕತ್ತಲೆ ನೋಡಿ ಕ್ಯಾಮೆರಾ ತಾನೇ ಬೆಳಕು ಹೆಚ್ಚಿಸಿಕೊಂಡಿರುತ್ತದೆ. ಪರದೆಯ ಮೇಲೆ ಗ್ರಹವನ್ನು ಒತ್ತಿ ಹಿಡಿದು ಫೋಕಸ್ ಬೀಗ ಹಾಕಿ, ಬೆಳಕಿನ ಗುರುತನ್ನು ಗ್ರಹ ಹಳದಿಯಾಗಿ ಕಾಣುವವರೆಗೆ ಕೆಳಗಿಳಿಸಿ. ಕೈಯಲ್ಲಿ ಹಿಡಿಯುವ ಬದಲು ಐಪೀಸ್‌ಗೆ ಕಚ್ಚುವ ಫೋನ್ ಹಿಡಿಕೆ ಬಳಸಿ. ಒಂದು ಫೋಟೋ ತೆಗೆಯುವುದರ ಬದಲು ಎರಡು ನಿಮಿಷದ ವಿಡಿಯೊ ತೆಗೆಯಿರಿ. ಅದರಲ್ಲಿ ಗಾಳಿ ಸ್ಥಿರವಾಗಿದ್ದ ಚೌಕಟ್ಟುಗಳನ್ನಷ್ಟೇ ಆಯ್ದು ಒಂದರ ಮೇಲೊಂದು ಪೇರಿಸಿ ಕೊಡುವ ಆಟೋಸ್ಟ್ಯಾಕರ್ಟ್, ಅಂಚುಗಳನ್ನು ಚೂಪು ಮಾಡುವ ರೆಜಿಸ್ಟ್ಯಾಕ್ಸ್ ಎರಡೂ ಉಚಿತ. ವಿಡಿಯೊವನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ, ಅಷ್ಟರಲ್ಲಿ ಗ್ರಹ ಆರು ಡಿಗ್ರಿ ತಿರುಗಿ ಮೋಡದ ವಿವರ ಕಲಸಿಹೋಗುತ್ತದೆ. ಚೂಪು ಮಾಡುವ ಗುಂಡಿಗೂ ಮಿತಿ ಇರಲಿ: ಹೆಚ್ಚಾದರೆ ಗ್ರಹದ ಅಂಚಿನಲ್ಲಿ ಇಲ್ಲದ ಬಿಳಿ ಗೆರೆಯೂ ಉಂಗುರದಲ್ಲಿ ಇಲ್ಲದ ಸಂದುಗಳೂ ಮೂಡುತ್ತವೆ, ಹೊಸಬರು ಅದನ್ನು ಎಂಕೆ ಸಂದು ಎಂದು ಹಂಚಿಕೊಳ್ಳುವುದು ಮಾಮೂಲು.